ಕಂಪನಿಯವರು ಹೆಚ್ಚಿಗೆ ಕೊಟ್ಟ ಉಂಗುರ

ಇನ್ನು ಮುಂದೆ ತನ್ನ ಕಾರಿನ ಬಾನೆಟ್ಟನ್ನು ತನ್ನ ಹೊರತು ಬೇರೆ ಯಾರೂ ಎತ್ತಕೂಡದು ಎಂದು ಹಾವೇರಿಯ ಋಷಿಕೇಶ ಸರ್ ಒಂದು ಭಾನುವಾರ ಬೆಳಿಗ್ಗೆ ಘೋಷಿಸಿದರು. ಘೋಷಣೆ ಕೇಳಿಸಿಕೊಳ್ಳಲು ಇದ್ದವರು ಇಬ್ಬರೇ. ಒಬ್ಬಳು ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದ ಹೆಂಡತಿ ಪ್ರಿಯಂವದಾ, ಇನ್ನೊಂದು ಕಾಂಪೌಂಡಿನ ಮೇಲೆ ಕುಳಿತಿದ್ದ ಬೆಕ್ಕು. ಬೆಕ್ಕು ಎದ್ದು ಹೋಯಿತು. ಪ್ರಿಯಂವದಾ ಹಿಡಿದ ಎಳೆ ಮುಗಿಯುವವರೆಗೆ ತಲೆ ಎತ್ತಲಿಲ್ಲ.

“ಯಾಕ್ರಿ? ಗ್ಯಾರೇಜಿನವ್ರು ಏನ್ ಮಾಡಿದ್ರು ನಿಮಗ?”

“ಏನ್ ಮಾಡ್ತಾರ, ಹಳೇ ಎಣ್ಣಿ ತಗದು ಹೊಸಾ ಎಣ್ಣಿ ಹಾಕ್ತಾರ. ಅಷ್ಟಕ್ಕ ಇಡೀ ದಿನ ಕಾಯಸ್ತಾರ. ಇಪ್ಪತ್ತೆರಡು ವರ್ಷ ಕಾಲೇಜಿನ್ಯಾಗ ಫಿಜಿಕ್ಸ್ ಕಲಿಸೀನಿ. ದ್ರವದ ಒತ್ತಡ, ದ್ರವದ ಹರಿವು, ಘರ್ಷಣೆ. ಇಂಜಿನ್ ಅಂದ್ರ ಅದರಾಗ ಇನ್ನೇನದ?”

“ಇಂಜಿನ್ ಅದ,” ಎಂದಳು ಪ್ರಿಯಂವದಾ.

ಘೋಷಣೆಗೆ ಕಾರಣವೂ ಇತ್ತು. ಬರುವ ಗುರುವಾರ ಬೆಳಿಗ್ಗೆ ಹತ್ತಕ್ಕೆ ರಾಣೆಬೆನ್ನೂರಿನ ಕಣ್ಣಿನ ಆಸ್ಪತ್ರೆಯಲ್ಲಿ ಅತ್ತೆ ಭಾಗೀರಥೀಬಾಯಿಯವರ ಆಪರೇಶನ್. ಬ್ಯಾಡಗಿಯ ಮನೆಯಿಂದ ಅವರನ್ನು ಕರೆದೊಯ್ಯುವ ಹೊಣೆ ಅಳಿಯನದು. ಬಲಗಣ್ಣಿನ ಪೊರೆ ಪೂರ್ತಿ ಬಲಿತು ಅವರಿಗೆ ಈಗ ಬರೀ ನೆರಳು ಕಾಣುತ್ತಿತ್ತು. ಎಡಗಣ್ಣಿನದು ಅದಕ್ಕಿಂತ ತುಸು ವಾಸಿ, ಅಷ್ಟೇ. ಮಗಳನ್ನು ಹೆಜ್ಜೆಯ ಸಪ್ಪಳದಿಂದ, ಅಳಿಯನನ್ನು ಕೆಮ್ಮಿನಿಂದ ಗುರುತಿಸುತ್ತಿದ್ದರು. “ಅಳಿಯಂದ್ರ ಮೀಸಿ ಬೆಳ್ಳಗಾಗ್ಯಾವ ಅಂತಾಳ ಇಕಿ. ನಾ ಅಂತೂ ನೋಡಿಲ್ಲವಾ,” ಎಂದು ಒಮ್ಮೆ ನಗುತ್ತಲೇ ಅಂದಿದ್ದರು. ಆ ಮಾತು ಋಷಿಕೇಶ ಸರ್ ಅವರಿಗೆ ಎದೆಯಲ್ಲಿ ಚುಚ್ಚಿಕೊಂಡು ಕೂತಿತ್ತು.

ಆದರೆ ಆಪರೇಶನ್ ಎಂದರೆ ಮುದುಕಿಗೆ ಜೀವ ಹಾರಿಹೋಗುತ್ತಿತ್ತು. ಮೊದಲ ಸಲ ಬಸ್ಸು ತಡವಾಯಿತೆಂದು ನಿಲ್ದಾಣದಿಂದಲೇ ತಿರುಗಿ ಬಂದಿದ್ದರು. ಎರಡನೇ ಸಲ ಬಾಡಿಗೆ ಗಾಡಿ ಮೋಟೆಬೆನ್ನೂರಿನ ಹತ್ತಿರ ಪಂಕ್ಚರ್ ಆಯಿತು, ದೇವರಿಗೆ ಮನಸ್ಸಿಲ್ಲ ಎಂದು ಅಲ್ಲಿಂದಲೇ ವಾಪಸ್. ಇನ್ನೂ ತಡ ಮಾಡಿದರೆ ಕಣ್ಣಿನ ಆಸೆ ಬಿಡಬೇಕಾದೀತು ಎಂದು ಡಾಕ್ಟರು ಹೇಳಿದ ಮೇಲೆ ಒಂದು ಷರತ್ತಿನ ಮೇಲೆ ಒಪ್ಪಿದ್ದರು.

“ಅಳಿಯಂದ್ರು ತಮ್ಮ ಸ್ವಂತ ಗಾಡ್ಯಾಗ ಕರಕೊಂಡು ಹೋದ್ರ ಬರ್ತೀನಿ. ದಾರ್ಯಾಗ ಏನರ ಅಡ್ಡ ಬಂತೋ, ಅಲ್ಲಿಂದನ ತಿರುಗಿ ಮನಿಗೆ. ಮತ್ತ ಈ ಜನ್ಮದಾಗ ನನ್ನ ಕೇಳಬಾರದು.”

ಅಂದಮೇಲೆ ಗಾಡಿ ಅಣಿಯಾಗಬೇಡವೇ? ಋಷಿಕೇಶ ಸರ್ ಮೊಬೈಲಿನಲ್ಲಿ ಹನ್ನೊಂದು ವಿಡಿಯೋ ನೋಡಿದರು. ಹಳೆಯ ಲುಂಗಿ ಕಟ್ಟಿದರು. ಕಟ್ಟೆಯ ಮೇಲೆ ಪೇಪರು ಹಾಸಿ, ಬೋಗುಣಿಯಲ್ಲಿ ಪೆಟ್ರೋಲು ಸುರಿದು, ಬಿಚ್ಚಲು ಬಂದದ್ದನ್ನೆಲ್ಲ ಬಿಚ್ಚಿ ಅದರಲ್ಲಿ ಅದ್ದಿ ತೊಳೆದರು. ಹಳೆಯ ಎಣ್ಣೆ ಹೋಗಿ ಹೊಸ ಎಣ್ಣೆ ಬಂತು. ಸಂಜೆಯ ಹೊತ್ತಿಗೆ ಎಲ್ಲ ಸಾಮಾನೂ ತಂತಮ್ಮ ಜಾಗಕ್ಕೆ ಹೋಗಿ ಕೂತವು. ಪೇಪರಿನ ಮೇಲೆ ಉಳಿದದ್ದು ಒಂದೇ ಒಂದು, ಕಪ್ಪು ರಬ್ಬರಿನ ಉಂಗುರ. ಅದನ್ನು ಎಲ್ಲೆಲ್ಲಿ ಕೂರಿಸಿ ನೋಡಿದರೂ ಒಂದು ಸುತ್ತು ದೊಡ್ಡದು.

“ಇದೇನ್ರಿ?” ಎಂದಳು ಪ್ರಿಯಂವದಾ.

“ಅದು ಹೆಚ್ಚಿಂದು. ಅಂಗೀಗೆ ಒಂದು ಗುಂಡಿ ಹೆಚ್ಚಿಗೆ ಹೊಲದು ಕೊಟ್ಟಿರ್ತಾರಲ್ಲ, ಹಂಗ. ಕಂಪನಿಯವ್ರು ಕೊಟ್ಟಿರ್ತಾರ.”

“ಹನ್ನೆರಡು ವರ್ಷದ ಗಾಡಿ. ಇಷ್ಟು ದಿನ ಎಲ್ಲಿ ಕೂತಿತ್ತು ಇದು?”

ಋಷಿಕೇಶ ಸರ್ ಅವರಿಗೆ ಅಗತ್ಯ ಬಿದ್ದಾಗ ಕಿವಿ ಕೇಳಿಸುವುದಿಲ್ಲ. ಪ್ರಿಯಂವದಾ ಉಂಗುರವನ್ನು ಅಡಿಗೆಮನೆಯ ಕಿಟಕಿಯಲ್ಲಿ ಇಟ್ಟಳು. ಯಾವುದನ್ನೂ ಎಸೆಯುವ ಜಾತಿಯಲ್ಲ ಅವಳು.

ಸೋಮವಾರ ಬೆಳಿಗ್ಗೆ ಗಾಡಿಯ ಮೂತಿಯ ಕೆಳಗೆ ರಂಗೋಲಿಯ ಕಮಲದ ನಡುವೆ ಒಂದು ಕಪ್ಪು ಬೊಟ್ಟು ಬಿದ್ದಿತ್ತು. ಮಂಗಳವಾರ ಬೊಟ್ಟು ಬಟ್ಟಲಷ್ಟಾಯಿತು. ಅಳತೆಯ ಕಡ್ಡಿ ಅದ್ದಿ ನೋಡಿದರೆ ಇಂಜಿನ್ನಿನ ಎಣ್ಣೆ ಒಂದು ಬೆರಳು ಇಳಿದಿತ್ತು. ಸರ್ ಗಾಡಿಯ ಕೆಳಗೆ ಅಂಗಾತ ಹೋಗಿ ಮಲಗಿದರು. ಹಣೆಯ ಮೇಲೆ ಒಂದು ಹನಿ ಟಪ್ಪೆಂದಿತು. ಎಲ್ಲಿಂದ ಬಿತ್ತೆಂದು ಟಾರ್ಚು ಹಿಡಿದು ನೋಡಿದರು. ಎಣ್ಣೆ ತುಂಬಿಕೊಂಡು ಎಲ್ಲಕ್ಕಿಂತ ಕೆಳಗೆ ಕೂತಿರುವ ತಗಡಿನ ಚೇಂಬರಿನ ಅಂಚು ಒದ್ದೆಯಾಗಿತ್ತು. ಕಳ್ಳ ಸಿಕ್ಕ! ಎಂ-ಸೀಲ್ ಕಲಸಿ, ಅಂಚಿನುದ್ದಕ್ಕೂ ಕಡುಬಿನ ಅಂಚು ಒತ್ತಿದ ಹಾಗೆ ಒತ್ತಿ, ಬೆರಳಿನ ಗುರುತೂ ಕಾಣದಂತೆ ನುಣುಪು ಮಾಡಿ, ತಮ್ಮ ಕೈಗೆಲಸಕ್ಕೆ ತಾವೇ ಬೆರಗಾಗಿ ಹೊರಗೆ ಬಂದರು.

ಬುಧವಾರ ಬೆಳಿಗ್ಗೆ ಹಾಗೇ ಖಾತ್ರಿ ಮಾಡಿಕೊಳ್ಳೋಣವೆಂದು ಮತ್ತೆ ಕೆಳಗೆ ಮಲಗಿದರು. ಎಂ-ಸೀಲ್ ಕಲ್ಲಿನಂತೆ ಗಟ್ಟಿಯಾಗಿತ್ತು. ಅದರ ತುದಿಯಲ್ಲಿ ಒಂದು ಹನಿ ನೇತಾಡುತ್ತಿತ್ತು.

ಅದೇ ಹೊತ್ತಿಗೆ ಅಡಿಗೆಮನೆಯಿಂದ ಪ್ರಿಯಂವದಾ ಕೂಗಿದಳು. “ಆತು, ಸೋರೂದು ನಿಂತ್ತು ನೋಡ್ರಿ.”

“ಏನು ನಿಂತ್ತು?”

“ಫ್ಲಾಸ್ಕ್ ರಿ. ಅವ್ವ ದವಾಖಾನಿ ಊಟ ಮುಟ್ಟೂದಿಲ್ಲ, ಸಾರು ಒಯ್ಲಿಕ್ಕೆ ಬೇಕು. ಇದರ ವಾಶರ್ ಹೋಗಿ ಆರು ತಿಂಗಳಾಗಿತ್ತು. ಈಗ ಒಂದು ಹನೀನೂ ಸೋರವಲ್ಲದು.”

“ಛಲೋ ಆತು,” ಎಂದರು ಸರ್ ಗಾಡಿಯ ಕೆಳಗಿನಿಂದ. ಹೆಂಡತಿ ಬೇಕೆಂತಲೇ ಚುಚ್ಚುತ್ತಿದ್ದಾಳೆ ಎಂದು ಅವರಿಗೆ ಒಳಗೊಳಗೇ ಸಿಟ್ಟು ಬಂತು.

ಮಧ್ಯಾಹ್ನ ಒಂದು ಡಬ್ಬಿ ಎಣ್ಣೆಯನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು, ಗಂಡ ಹೆಂಡತಿ ಬ್ಯಾಡಗಿಗೆ ಬಂದರು. ಗಾಡಿ ನಿಂತ ಮರುಕ್ಷಣವೇ ಒಳಗಿನಿಂದ ಭಾಗೀರಥೀಬಾಯಿ ಮೂಗು ಎತ್ತಿದರು. “ಎಲ್ಲೋ ಎಣ್ಣಿ ಸುಡ್ಲಿಕ್ಕತ್ತದಲ್ಲ. ಪ್ರಿಯಾ, ನಿಮ್ಮ ಗಾಡೀನ ಏನ?”

“ಛೇ, ಇಲ್ಲ ಬಿಡ್ರಿ ಅತ್ಯಾ,” ಎಂದರು ಸರ್. ಕಣ್ಣು ಕಾಣದ ಹೆಂಗಸು ಮನೆಯೊಳಗಿನಿಂದಲೇ ಹಿಡಿದದ್ದನ್ನು ತಾವು ಎರಡು ದಿನ ಗಾಡಿಯ ಕೆಳಗೆ ಮಲಗಿಯೂ ಹಿಡಿಯಲಿಲ್ಲವಲ್ಲ ಎಂಬುದು ಅವರನ್ನು ನಿಂತಲ್ಲಿಯೇ ತಣ್ಣಗೆ ಮಾಡಿತು. ಆದರೆ ಸೋಲೊಪ್ಪುವುದುಂಟೆ? ಹನ್ನೆರಡನೆಯ ವಿಡಿಯೋ ತೆರೆದರು. ಅದರಲ್ಲಿ ಒಬ್ಬ ಪುಣ್ಯಾತ್ಮ ಇಂಜಿನ್ನನ್ನು ಒರೆಸಿ, ಮೈತುಂಬ ಒಣ ಪುಡಿ ಉದುರಿಸಿ, ಹತ್ತು ನಿಮಿಷ ಚಾಲೂ ಇಟ್ಟ. ಸೋರುವ ಕಡೆ ಪುಡಿ ಒದ್ದೆಯಾಗಿ ಗುರುತು ಮೂಡಿತು. ಎಂಥ ಸರಳ, ಎಂಥ ವೈಜ್ಞಾನಿಕ!

“ಪ್ರಿಯಾ, ಪೌಡರ್ ಡಬ್ಬಿ ಕೊಡು.”

“ನಾ ಪೌಡರ್ ಹಚ್ಚಿಕೊಳ್ಳೂದು ಬಿಟ್ಟು ಹತ್ತು ವರ್ಷ ಆತು. ನಿಮಗ ಈಗ ಗೊತ್ತಾತೇನು?”

ರಂಗೋಲಿ ಪುಡಿ ಹಾವೇರಿಯಲ್ಲಿತ್ತು. ಗೋಧಿಹಿಟ್ಟನ್ನು ಮುಟ್ಟಬೇಡಿ, ಬೆಳಗಿನ ಚಪಾತಿಗೆ ಬೇಕು ಎಂದು ತಾಕೀತಾಗಿತ್ತು. ಸರ್ ಅಡಿಗೆಮನೆಯ ಕಪಾಟು ತೆರೆದರು. ಎದುರಿಗೇ ಐದು ಕಿಲೋ ಹಿಡಿಯುವ ಸ್ಟೀಲಿನ ಡಬ್ಬಿ, ಅದರ ತುಂಬ ಮೆಣಸಿನ ಪುಡಿ. ಆ ಕೆಂಪು ನೋಡಿ ಅವರಿಗೆ ರೋಮಾಂಚನವಾಯಿತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಇದು ಈ ಸೀಮೆಯ ಕೂಸಿಗೂ ಗೊತ್ತಿರುವ ಸತ್ಯ. ಬಣ್ಣ ಬೇಕು, ಖಾರ ಬೇಡ. ಇಂಜಿನ್ ಪರೀಕ್ಷೆಗೆಂದೇ ದೇವರು ಮಾಡಿದ ಪುಡಿ. ಎರಡು ಬಟ್ಟಲು ತುಂಬಿಕೊಂಡು, ಅತ್ತೆ ಮಲಗಿದ್ದಾರೆಂದು ತುದಿಗಾಲಿನಲ್ಲಿ ಅಂಗಳಕ್ಕೆ ಬಂದು, ಇಂಜಿನ್ನಿನ ನೆತ್ತಿಯಿಂದ ಪಾದದವರೆಗೆ ಜಾತ್ರೆಯ ಭಂಡಾರದಂತೆ ತೂರಿ, ಗಾಡಿ ಚಾಲೂ ಮಾಡಿದರು.

ಎರಡು ನಿಮಿಷ ಏನೂ ಆಗಲಿಲ್ಲ. ಮೂರನೆಯ ನಿಮಿಷಕ್ಕೆ ಇಂಜಿನ್ ಬಿಸಿಯೇರಿ ಅದರ ಫ್ಯಾನು ತಾನಾಗಿ ತಿರುಗತೊಡಗಿತು.

ಬ್ಯಾಡಗಿ ಮೆಣಸಿನಕಾಯಿಯ ಘಾಟಿಗೆ ತೊಟ್ಟಿಲಿನಿಂದ ಒಗ್ಗಿದ ಊರು. ಆ ಊರು ಅಂದು ಕೆಮ್ಮಿತು. ಮೊದಲು ಸರ್ ಕೆಮ್ಮಿದರು, ಆಮೇಲೆ ಪಕ್ಕದ ಮನೆ, ಆಮೇಲೆ ಓಣಿಯ ತುದಿಯ ಹಿಟ್ಟಿನ ಗಿರಣಿ. ಕಟ್ಟೆಯ ಮೇಲೆ ಮಾತಾಡುತ್ತಿದ್ದ ನಾಲ್ಕು ಜನ ಮಾತು ಅರ್ಧಕ್ಕೇ ಬಿಟ್ಟು ಒಳಗೆ ಹೋದರು. ಎದುರು ಮನೆಯ ಗುಲಾಬಬಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದಳು.

“ಬಾಯಾರ, ಒಗ್ಗರಣಿ ಅಂಗಳದಾಗ ಹಾಕಾಕತ್ತೀರೇನ್ರೀ?”

ಭಾಗೀರಥೀಬಾಯಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. “ಯಾರು ನನ್ನ ಡಬ್ಬಿ ತಗದವ್ರು?”

“ಅತ್ಯಾ, ಬ್ಯಾಡಗಿ ಮೆಣಸಿನಕಾಯಿಗೆ ಖಾರ ಇರೂದಿಲ್ಲ ಅಂತ...” ಸರ್ ಅವರಿಗೆ ಮಾತು ಮುಗಿಸಲು ಉಸಿರು ಸಾಲಲಿಲ್ಲ.

“ಬರೇ ಬ್ಯಾಡಗಿ ಹಾಕಿದ್ರ ಸಾರಿಗೆ ಬಣ್ಣ ಬರ್ತದ, ಖಾರ ಎಲ್ಲಿಂದ ಬರಬೇಕು? ಅರ್ಧಕ್ಕರ್ಧ ಗುಂಟೂರು ಕೂಡಸೀನಿ. ಈ ಓಣ್ಯಾಗ ಎಲ್ಲಾರೂ ಹಂಗ ಮಾಡ್ತಾರ. ಇಪ್ಪತ್ತು ವರ್ಷ ಆತು, ಈ ಮನಿ ಸಾರು ಉಣ್ಣವ್ರಿಗೆ ಅಷ್ಟೂ ಗೊತ್ತಾಗಲಿಲ್ಲ?”

ಸರ್ ಗಾಡಿ ಬಂದ್ ಮಾಡಿ, ಸುರಿಯುವ ಕಣ್ಣಿನಲ್ಲೇ ಇಂಜಿನ್ನಿನ ಕೆಳಗೆ ಬಗ್ಗಿ ನೋಡಿದರು. ಚೇಂಬರಿನ ಅಂಚಿನಲ್ಲಿ ಕೆಂಪು ಕೆಸರು. ಅವರಿಗೆ ಕಂಡದ್ದು ಅಷ್ಟೇ. ಲುಂಗಿ ಮರೆತು ಬಂದು ಪ್ಯಾಂಟಿನಲ್ಲಿಯೇ ಕೆಲಸಕ್ಕೆ ಇಳಿದಿದ್ದರಿಂದ ಆ ಪ್ಯಾಂಟು ಮೊಳಕಾಲವರೆಗೆ ಖಾರವಾಗಿ, ಬಿಚ್ಚಿ ಹಿತ್ತಲಲ್ಲಿ ಒಗೆದು ಬರುವವರೆಗೆ ಅವರು ಕುಣಿಯುತ್ತಲೇ ಇದ್ದರು.

ಆದರೆ ಅನಾಹುತ ಇನ್ನೂ ಬಾಕಿ ಇತ್ತು. ಭಾಗೀರಥೀಬಾಯಿ ಕಟ್ಟೆಯ ಮೇಲೆ ಕೂತು ಕೈಚೀಲದಿಂದ ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದರು.

“ನಾ ಬರೂದಿಲ್ಲ. ಬಸ್ ಆತು, ಟೈರ್ ಆತು, ಈಗ ಇದು. ಮೂರು ಸಲ ಹೇಳ್ಯಾನ ದೇವರು. ಇನ್ನೆಷ್ಟು ಸಲ ಹೇಳಬೇಕು?”

ಪ್ರಿಯಂವದಾ ತಾಯಿಯ ಮಗ್ಗುಲಲ್ಲಿ ಕೂತು ನೆಲ ನೋಡತೊಡಗಿದಳು. ಹೆಂಡತಿ ಬೈದಿದ್ದರೆ ಋಷಿಕೇಶ ಸರ್ ಅವರಿಗೆ ಎಷ್ಟೋ ಹಗುರಾಗುತ್ತಿತ್ತು.

ಆಗ ಗುಲಾಬಬಿ ಅಂಗಳ ದಾಟಿ ಬಂದಳು. “ಬಾಯಾರ, ಒಂದು ಮಾತು ಕೇಳ್ರಿ. ನಮ್ಮಣ್ಣ ಶಮಶೇರಸಾಬ ರಾಣೆಬೆನ್ನೂರಾಗ ಅದಾನ. ನಲವತ್ತೈದು ವರ್ಷ ಇಂಜಿನ್ನಿನ ಮುಂದ ಕುಂತಾಂವ. ದವಾಖಾನಿ ದಾರ್ಯಾಗ ಅವನ ಗ್ಯಾರೇಜು ಐತಿ. ಮುಂಜಾನೆ ಎಂಟಕ್ಕ ತೋರಸ್ರಿ. ಅವ ಸೋರೋದು ನಿಲ್ಲಿಸಿದಾ ಅಂದ್ರ ನಿಮ್ಮ ದೇವರು ಹೂಂ ಅಂದಂಗ. ಆಗಲಿಲ್ಲೋ, ಬಸ್ ಹತ್ತಿ ಮನಿಗೆ ಬರ್ರಿ. ಯಾರೂ ತಡಿಯಂಗಿಲ್ಲ.”

ಭಾಗೀರಥೀಬಾಯಿ ಒಂದು ಸೀರೆಯನ್ನು ಮತ್ತೆ ಚೀಲದಲ್ಲಿ ಇಟ್ಟರು.

ಮರುದಿನ ಗಾಡಿ ಮದುವೆ ಮೆರವಣಿಗೆಯ ವೇಗದಲ್ಲಿ ಹೊರಟಿತು. ಹೆದ್ದಾರಿಯಲ್ಲಿ ಟ್ರ್ಯಾಕ್ಟರುಗಳು ಹಾರ್ನು ಬಾರಿಸುತ್ತ ಮುಂದೆ ಹೋದವು. ಎರಡು ಕಡೆ ನಿಲ್ಲಿಸಿ ಎಣ್ಣೆ ನೋಡಿ, ಒಂದು ಕಡೆ ಎಣ್ಣೆ ಹಾಕಿ, ರಾಣೆಬೆನ್ನೂರು ಮುಟ್ಟುವಾಗ ಎಂಟೂವರೆ. ಶಮಶೇರಸಾಬರು ಬಿಳಿ ಗಡ್ಡದ, ತೆಳ್ಳನೆಯ ಮನುಷ್ಯ. ತಂಗಿ ಫೋನು ಮಾಡಿ ಖಾರದ ಕತೆ ಹೇಳಿಟ್ಟಿದ್ದಳು. ಮೊದಲು ಭಾಗೀರಥೀಬಾಯಿಯವರಿಗೆ ನೆರಳಿನಲ್ಲಿ ಕುರ್ಚಿ ಹಾಕಿಸಿದರು. ಆಮೇಲೆ ಬಾನೆಟ್ ಎತ್ತಿದರು. ಎತ್ತಿ ಮೂರು ಸಲ ಸೀನಿದರು.

“ಕೆಳಗ ಎಂ-ಸೀಲ್ ಹಚ್ಚಿದವ್ರು ಯಾರ್ರೀ?” ಎಂದು ಬಗ್ಗಿ ನೋಡಿ ಕೇಳಿದರು.

“ನಾನ.”

“ಛಲೋ ಹಚ್ಚೀರಿ ಸರ್. ಸೋರಲಾರದ ಜಾಗಾಕ್ಕ ಇಷ್ಟು ಚಂದ ಹಚ್ಚಿದ್ದು ನಾ ಎಲ್ಲೂ ನೋಡಿಲ್ಲ.”

ಪಾನಾ ಮುಟ್ಟಲಿಲ್ಲ, ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಸುಮ್ಮನೆ ನಿಂತು ನೋಡಿದರು. ಗೋಡೆಯ ಮೇಲಿನ ಬರಹ ಓದುವವರ ಹಾಗೆ ಅವರ ಕಣ್ಣು ನಿಧಾನವಾಗಿ ಚಲಿಸಿತು. ಆಮೇಲೆ ಒಂದು ಬೆರಳನ್ನು ಚೇಂಬರಿನ ಅಂಚಿನ ಕೆಂಪು ಕೆಸರಿಗೆ ಇಟ್ಟು ಮೇಲಕ್ಕೆ ಎಳೆಯತೊಡಗಿದರು. ಬೆರಳು ಇಂಜಿನ್ನಿನ ಪಕ್ಕೆಯ ಮೇಲೆ ಹತ್ತಿತು, ಒಂದು ಪೈಪಿನ ಹಿಂದೆ ಮರೆಯಾಗಿ ಮತ್ತೆ ಕಾಣಿಸಿತು, ಇನ್ನೂ ಮೇಲೆ ಹತ್ತಿತು, ಕೊನೆಗೆ ಇಂಜಿನ್ನಿನ ನೆತ್ತಿಯ ಮೇಲೆ ಎಣ್ಣೆ ಹಾಕುವ ಮುಚ್ಚಳದ ಹತ್ತಿರ ನಿಂತಿತು. ಆ ಮುಚ್ಚಳದ ಸುತ್ತ ಖಾರದ ಪುಡಿ ಚಂದ್ರನ ತುಣುಕಿನ ಆಕಾರದಲ್ಲಿ ತೊಳೆದುಹೋಗಿತ್ತು. ಅದರಿಂದ ಆಚೆ ಎಲ್ಲ ಒಣ ಒಣ ಕೆಂಪು.

“ನಿಮ್ಮ ಖಾರದ ಪುಡಿ ನಿನ್ನೇನ ಖರೇ ಹೇಳೇತಿ ಸರ್. ನೀವು ಹನಿ ಬಿದ್ದಲ್ಲಿ ನೋಡಿದ್ರಿ. ಹಸಿ ಹಿಡಕೊಂಡು ಮ್ಯಾಲೆ ಹೋಗಬೇಕು. ಎಲ್ಲಿ ಹಸಿ ಮುಗದು ಒಣಾ ಚಾಲೂ ಆಕ್ಕೈತಿ, ಅಲ್ಲೇ ಸೋರೋ ಬಾಯಿ ಐತಿ.”

ಋಷಿಕೇಶ ಸರ್ ಬಾಯಿ ತೆರೆದು ನಿಂತರು. ಆ ಕೆಂಪು ದಾರಿ ನಿನ್ನೆಯಿಂದ ಅವರ ಕಣ್ಣೆದುರಿಗೇ ಇತ್ತು. ದ್ರವವು ಎತ್ತರದಿಂದ ತಗ್ಗಿಗೆ ಹರಿಯುತ್ತದೆ ಎಂದು ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದದ್ದು ಇದೇ ಕೈ. ಅದು ಖರೇ ಎಂದು ಒಬ್ಬ ಮುದುಕನ ಬೆರಳು ತೋರಿಸುವವರೆಗೆ ಅವರಿಗೇ ಗೊತ್ತಿರಲಿಲ್ಲ. ಎದೆ ತುಂಬಿ ಬಂದು, ಆ ಬೆರಳಿಗೆ ಕೈ ಮುಗಿಯಬೇಕೆನ್ನಿಸಿತು.

ಶಮಶೇರಸಾಬರು ಮುಚ್ಚಳ ತಿರುಗಿಸಿ ತೆಗೆದು, ಬೋರಲು ಮಾಡಿ ನೋಡಿದರು. “ಇದರಾಗಿಂದು ವಾಶರ್ ಎಲ್ಲೈತ್ರೀ? ರಬ್ಬರಿಂದು, ಉಂಗುರದಂಗ ಇರತೈತಿ. ಅದಿಲ್ಲಂದ್ರ ಇಂಜಿನ್ ತಿರಗಿದಂಗೆಲ್ಲ ಎಣ್ಣಿ ಇಲ್ಲಿಂದ ಸಿಡದು, ಸೈಲೆನ್ಸರ್ ಮ್ಯಾಲೆ ಬಿದ್ದು ಸುಡತೈತಿ.”

ಸರ್ ಅವರ ಕಣ್ಣ ಮುಂದೆ ಹಾವೇರಿಯ ಅಡಿಗೆಮನೆಯ ಕಿಟಕಿ ಬಂತು. “ಅದು... ಅದು ದೊಡ್ಡದಿತ್ತಲ್ಲ. ಎಲ್ಲೂ ಕೂಡಲಿಲ್ಲ.”

“ಪೆಟ್ರೋಲಿನ್ಯಾಗ ಅದ್ದಿದ್ರೇನು? ಪೆಟ್ರೋಲ್ ಕುಡದ್ರ ರಬ್ಬರ್ ಉಬ್ಬತೈತಿ. ಎರಡು ದಿನ ಸುಮ್ಮ ಬಿಟ್ರ ತಾನ ಇಳದು ತನ್ನ ಅಳತಿಗೆ ಬರತೈತಿ.” ಸಾಬರು ಗಡ್ಡ ಕೆರೆದುಕೊಂಡರು. “ಸಾಮಾನಿನ ಅಂಗಡಿ ತೆಗಿಯೋದು ಹನ್ನೊಂದಕ್ಕ. ಹಳೇ ಮಾಡೆಲ್ಲು, ಹುಬ್ಬಳ್ಳಿಂದ ತರಸಬೇಕಾದೀತು.”

ಕುರ್ಚಿಯಿಂದ ಭಾಗೀರಥೀಬಾಯಿ ಎದ್ದು ನಿಂತರು. “ಬ್ಯಾಡಗಿ ಬಸ್ ಎಷ್ಟೊತ್ತಿಗದ, ಸಾಬ್ರ?”

“ಅತ್ಯಾ, ಆಟೋ ಮಾಡೋಣ, ಎರಡ ಕಿಲೋಮೀಟರ್...”

“ಮಾತು ಅಂದ್ರ ಮಾತು. ದೇವರಿಗೆ ಮನಸಿಲ್ಲ.”

ಋಷಿಕೇಶ ಸರ್ ಗಾಡಿಯನ್ನು ನೋಡಿದರು, ಗೋಡೆ ಹುಡುಕುತ್ತಿದ್ದ ಅತ್ತೆಯ ಕೈಯನ್ನು ನೋಡಿದರು. “ದೇವರದಲ್ಲ ಅತ್ಯಾ, ತಪ್ಪು ನಂದು. ಗಾಡೀದೂ ಅಲ್ಲ. ಬರದಿದ್ದ ಕೆಲಸಕ್ಕ ಕೈ ಹಾಕಿ, ಒಳಗಿನ ವಾಶರ್ ತಗದು ಕಿಟಕ್ಯಾಗ ಇಟ್ಟು ಬಂದೀನಿ. ನನ್ನ ಸೊಕ್ಕಿಗೆ ನಿಮ್ಮ ಕಣ್ಣು ಹೋಗೂದು ಬ್ಯಾಡ. ನಿಮ್ಮ ಕಾಲು ಹಿಡೀತೀನಿ.”

ಮದುವೆಯಾದ ಇಷ್ಟು ವರ್ಷದಲ್ಲಿ ಗಂಡನ ಬಾಯಿಂದ ‘ತಪ್ಪು ನಂದು’ ಎಂಬ ಮಾತನ್ನು ಪ್ರಿಯಂವದಾ ಕೇಳಿದ್ದು ಅದೇ ಮೊದಲು. ಅವಳು ಗಾಡಿಯ ಬಾಗಿಲು ತೆರೆದು, ಚೀಲದಿಂದ ಸಾರಿನ ಫ್ಲಾಸ್ಕ್ ತೆಗೆದು, ಮುಚ್ಚಳ ಬಿಚ್ಚಿ, ಒಳಗಿನಿಂದ ಉಗುರಿನಲ್ಲಿ ಏನನ್ನೋ ಎಬ್ಬಿಸಿದಳು.

“ಕಿಟಕ್ಯಾಗ ಇಲ್ರಿ ಅದು,” ಎಂದು ಕಪ್ಪು ಉಂಗುರವನ್ನು ಅಂಗೈಯಲ್ಲಿ ಹಿಡಿದು ತೋರಿಸಿದಳು. “ಬಿಸಿನೀರಾಗ ನಾಕು ಸಲ ಕುದಿಸಿ ಇದಕ್ಕ ಹಾಕಿದ್ದೆ. ನೋಡ್ರಿ ಸಾಬ್ರ, ಇದೇನು?”

ಶಮಶೇರಸಾಬರು ಅದನ್ನು ಬಟ್ಟೆಯಿಂದ ಒರೆಸಿ, ಮುಚ್ಚಳದೊಳಗೆ ಒತ್ತಿದರು. ತನ್ನ ಮನೆಗೆ ಬಂದ ಹಾಗೆ ಕೂತಿತು. ಇಂಜಿನ್ ಒರೆಸಿ, ಗಾಡಿಯ ಕೆಳಗೆ ಒಂದು ಹೊಸ ಪೇಪರು ಹಾಸಿ, ಚಾಲೂ ಮಾಡಿದರು. ಆ ಪೇಪರಿನ ಮೇಲೆ ಅಷ್ಟೂ ಜನರ ಕಣ್ಣು ನೆಟ್ಟಿತ್ತು. ಐದು ನಿಮಿಷ. ಹತ್ತು ನಿಮಿಷ. ಕ್ರಿಕೆಟ್ ಪುಟದಲ್ಲಿ ಒಂದು ಅಕ್ಷರವೂ ಒದ್ದೆಯಾಗಲಿಲ್ಲ. ಒಂದು ಹೊಗೆಯ ಎಳೆಯೂ ಇಲ್ಲ. ನಾಲ್ಕು ದಿನ ನಾಲ್ಕು ಜನರನ್ನು ಕುಣಿಸಿದ ಪ್ರಳಯ ಒಂದು ಬಿಡಿ ರಬ್ಬರಿನ ತುಂಡಿಗೆ ತಲೆಬಾಗಿದ್ದನ್ನು ನೋಡಿ ಸರ್ ಅವರಿಗೆ ಮೈ ಜುಮ್ಮೆಂದಿತು.

ಪೇಪರು ಕಾಣದ ಭಾಗೀರಥೀಬಾಯಿ ಮೂಗು ಎತ್ತಿ ಎರಡು ಸಲ ಗಾಳಿ ಎಳೆದುಕೊಂಡರು. “ಸುಟ್ಟ ವಾಸನಿ ಹೋತು,” ಎಂದು ಗಾಡಿಯತ್ತ ಕೈ ಚಾಚಿದರು. “ಹತ್ತಸ್ರಿ ನನ್ನ.”

ಆಸ್ಪತ್ರೆಯ ಮುಂದೆ ಇಳಿದಾಗ ಹತ್ತಕ್ಕೆ ಐದು ನಿಮಿಷ ಬಾಕಿ. ಪ್ರಿಯಂವದಾ ತಾಯಿಯ ಕೈ ಹಿಡಿದು, ಫ್ಲಾಸ್ಕನ್ನು ಗಂಡನ ಕೈಗೆ ಕೊಟ್ಟಳು. “ನೆಟ್ಟಗ ಹಿಡೀರಿ. ಇದರ ವಾಶರ್ ಈಗ ಗಾಡ್ಯಾಗದ.”

ಸರ್ ಅವರ ಮನಸ್ಸು ಇನ್ನೂ ಆ ಕೆಂಪು ದಾರಿಯ ಮೇಲೆಯೇ ಇತ್ತು. ಫ್ಲಾಸ್ಕನ್ನು ಹೊಟ್ಟೆಗೆ ಅವುಚಿಕೊಂಡು ಎರಡೆರಡು ಮೆಟ್ಟಿಲು ಏರಿದರು. ಮೇಲೆ ತಲುಪುವಾಗ ಅರ್ಧ ಸಾರು ಪ್ಯಾಂಟಿನ ಮುಂಭಾಗವನ್ನು ನೆನೆಸಿ ಮೊಳಕಾಲಿಗೆ ಇಳಿದಿತ್ತು. ಅಲ್ಲಿಯೂ ದ್ರವ ಎತ್ತರದಿಂದ ತಗ್ಗಿಗೇ ಹರಿದಿತ್ತು. ಬೇರೆ ಪ್ಯಾಂಟಿರಲಿಲ್ಲ. ಇದ್ದ ಇನ್ನೊಂದು ಬ್ಯಾಡಗಿಯ ಹಿತ್ತಲಲ್ಲಿ, ಎರಡು ಸಲ ಒಗೆದರೂ ಖಾರ ಬಿಡದೆ, ತಂತಿಯ ಮೇಲೆ ಒಣಗುತ್ತಿತ್ತು.

ಆಪರೇಶನ್ ಸುಸೂತ್ರವಾಯಿತು. ಮರುದಿನ ಬೆಳಿಗ್ಗೆ ನರ್ಸಮ್ಮ ಪಟ್ಟಿ ಬಿಚ್ಚಿದಳು. ಭಾಗೀರಥೀಬಾಯಿ ಮೊದಲು ಬೆಳಕಿಗೆ ಕಣ್ಣು ಕಿರಿದು ಮಾಡಿದರು, ಮೆಲ್ಲಗೆ ತೆರೆದರು. ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. “ಎಷ್ಟ ಸೊರಗೀದಿ ಪ್ರಿಯಾ,” ಎಂದರು. ಪ್ರಿಯಂವದಾಳ ಕಣ್ಣು ತುಂಬಿದವು. ಮಂಚದ ಕಾಲ ಬಳಿ ನಿಂತಿದ್ದ ಋಷಿಕೇಶ ಸರ್ ಉಸಿರು ಬಿಗಿಹಿಡಿದರು. ಒಂದು ಉಂಗುರ, ಒಂದು ಬೆರಳು, ಈಗ ಈ ಕಣ್ಣು. ಜಗತ್ತು ಎಷ್ಟು ದೊಡ್ಡದು ಅನ್ನಿಸಿತು ಅವರಿಗೆ.

ಮುದುಕಿಯ ನೋಟ ಅವರತ್ತ ತಿರುಗಿತು.

“ಅಳಿಯಂದ್ರ, ಮೀಸಿ ಖರೇನ ಬೆಳ್ಳಗಾಗ್ಯಾವ.”

“ಹೌದ್ರಿ ಅತ್ಯಾ,” ಎಂದರು ಸರ್.

ನೋಟ ಮೀಸೆಯಿಂದ ಅಂಗಿಗೆ ಇಳಿಯಿತು, ಅಂಗಿಯಿಂದ ಇನ್ನೂ ಕೆಳಗೆ ಇಳಿದು, ಪ್ಯಾಂಟಿನ ಮುಂದಿನ ಹಳದಿ ಕಲೆಯ ಮೇಲೆ ನಿಂತಿತು. ಹೊಸ ಕಣ್ಣು. ಏನನ್ನೂ ಬಿಡಲಿಲ್ಲ.

“ಗಾಡಿ ಸೋರೂದು ನಿಂತ್ತು ಅಂದ್ರಿ,” ಎಂದರು ಭಾಗೀರಥೀಬಾಯಿ ಕಳವಳದಿಂದ. “ಈಗ ನಿಮಗ ಚಾಲೂ ಆತೇನ್ರಿ?”